ಹಳೆಯ ತುಂತುಣಿಗೆ ಹೊಸ ತಂತಿ: ಕೂಡಿಸಿ ನುಡಿಸುವವರಿಗೆ ಒಂಬತ್ತು ಸೂತ್ರಗಳು

ಒಂದು ಕೊಳಗ, ಅದರ ತಳಕ್ಕೆ ತೊಗಲು, ಪಕ್ಕಕ್ಕೊಂದು ಕೋಲು, ಒಂದೇ ತಂತಿ. ತುಂತುಣಿ ಎಂದರೆ ಇಷ್ಟೇ. ಇಷ್ಟನ್ನೇ ಕೈಯಲ್ಲಿ ಹಿಡಿದು ಇಂಡಿ, ಸಿಂದಗಿ, ಮುದ್ದೇಬಿಹಾಳ, ಬಸವನ ಬಾಗೇವಾಡಿ ಸೀಮೆಯ ಗೀಗೀ ಮೇಳಗಳು ಬೆಳ್ಳಬೆಳಗು ಜನರನ್ನು ಕೂರಿಸಿಕೊಂಡಿವೆ. ಈಗ ಎಷ್ಟೋ ಮನೆಗಳಲ್ಲಿ ಅದು ತಂತಿ ಕಳೆದುಕೊಂಡು ಜಂತಿಗೆ ತೂಗಿದೆ. ಅದನ್ನು ಇಳಿಸಿ, ಒರೆಸಿ, ಮತ್ತೆ ನುಡಿಸಬೇಕೆಂಬ ಆಸೆ ಇರುವವರಿಗೆ ಈ ಮಾತುಗಳು. ನುಡಿಯದ ತುಂತುಣಿಯನ್ನು ನಾನಂತೂ ಸಂಗ್ರಹದ ಲೆಕ್ಕಕ್ಕೆ ಹಿಡಿಯುವುದಿಲ್ಲ.

1. ಗುರುತು ಹಿಡಿಯಲು ಕಲಿಯಿರಿ.
ತುಂತುಣಿಯ ತಂತಿ ತಳದ ತೊಗಲಿನ ನಡುವಿನಿಂದ ಹೊರಟು, ಕೊಳಗದ ಒಳಗಿನಿಂದ ಮೇಲೇರಿ, ಕೋಲಿನ ತುದಿಯ ಬಿರಡೆಗೆ ಸುತ್ತಿಕೊಳ್ಳುತ್ತದೆ. ಏಕತಾರಿಯ ತಂತಿ ಬುರುಡೆಯ ಮೇಲಿನಿಂದ ಹಾಯುತ್ತದೆ. ಅದು ತತ್ವಪದಕಾರರ ಸಂಗಾತಿ. ಚೌಡಿಕೆಯ ಕಟ್ಟು ತುಂತುಣಿಗೆ ಹತ್ತಿರ, ಗಾತ್ರ ದೊಡ್ಡದು. ಎಲ್ಲಮ್ಮನ ಹಾಡು ಹೇಳುವ ಜೋಗತಿಯರು ಅದನ್ನು ಕಂಕುಳಲ್ಲಿ ಹಿಡಿದು ನುಡಿಸುತ್ತಾರೆ. ಪೇಟೆಯ ಹಳೆ ಸಾಮಾನಿನ ಅಂಗಡಿಗಳಲ್ಲಿ ಮೂರನ್ನೂ ಒಂದೇ ಹೆಸರಿನಲ್ಲಿ ಮಾರುತ್ತಾರೆ. ನಂಬಬೇಡಿ.

2. ಹಾಡಿಕೆ ನಡೆಯುವಲ್ಲಿಗೆ ಹೋಗಿ.
ವಿಜಯಪುರದ ಸಿದ್ಧೇಶ್ವರ ಜಾತ್ರೆ ಸಂಕ್ರಾಂತಿಗೆ, ಬಸವನ ಬಾಗೇವಾಡಿಯ ಮೂಲನಂದೀಶ್ವರ ಜಾತ್ರೆ ಶ್ರಾವಣದಲ್ಲಿ. ಊರೂರಿನ ಜಾತ್ರೆಗಳಲ್ಲಿ ಹರದೇಶಿ-ನಾಗೇಶಿ ಹಾಡಿಕೆ ಇರುತ್ತದೆ. ಹರದೇಶಿಯವರು ಶಿವ ಹೆಚ್ಚೆಂದು ಹಾಡಿದರೆ ನಾಗೇಶಿಯವರು ಶಕ್ತಿ ಹೆಚ್ಚೆಂದು ಎದುರು ಹಾಡುತ್ತಾರೆ. ಇಂಥಲ್ಲಿ ಒಂದು ರಾತ್ರಿ ಪೂರ್ತಿ ಕೂತರೆ ಯಾವ ಊರಲ್ಲಿ ಯಾವ ಹಳೆಯ ಮೇಳ ಇತ್ತು, ಅವರ ವಾದ್ಯ ಈಗ ಯಾರ ಮನೆಯಲ್ಲಿದೆ ಎಂಬುದು ಚಹಾದ ಹೊತ್ತಿನ ಮಾತಿನಲ್ಲೇ ತಿಳಿದುಬಿಡುತ್ತದೆ.

3. ವಾದ್ಯ ಕೇಳುವ ಮೊದಲು ಹಾಡು ಕೇಳಿ.
ಇದೇ ನೆಲದಲ್ಲಿ ಇದಕ್ಕೆ ಮೇಲ್ಪಂಕ್ತಿ ಇದೆ. ಆಗಿನ ಇಂಡಿ ತಾಲ್ಲೂಕಿನ ಹಲಸಂಗಿಯಲ್ಲಿ ಮಧುರಚೆನ್ನ, ಸಿಂಪಿ ಲಿಂಗಣ್ಣ, ಧೂಲಾಸಾಹೇಬ, ಕಾಪಸೆ ರೇವಪ್ಪ ಒಟ್ಟುಗೂಡಿ ಹಳ್ಳಿಯ ಹಾಡುಗಳನ್ನು ಬರೆದುಕೊಂಡರು. 1931ರಲ್ಲಿ ‘ಗರತಿಯ ಹಾಡು’, 1933ರಲ್ಲಿ ‘ಜೀವನ ಸಂಗೀತ’, 1935ರಲ್ಲಿ ‘ಮಲ್ಲಿಗೆ ದಂಡೆ’ ಹೊರಬಂದವು. ಲಾವಣಿಕಾರ ಖಾಜಾಭಾಯಿ ಅವರದೇ ಊರಿನವರು. ಈ ಗೆಳೆಯರು ಹಾಡಿದವರ ಮುಂದೆ ಕೂತು ಕೇಳಿದರು. ಹಾಡು ಕೈಗೆ ಬಂದದ್ದು ಹಾಗೆ. ನೀವೂ ಮನೆಗೆ ಹೋದೊಡನೆ ‘ಎಷ್ಟಕ್ಕ ಕೊಡ್ತೀರಿ’ ಎಂದು ಬಾಯಿ ತೆರೆಯಬೇಡಿ. ‘ಮುತ್ಯಾ, ಇದರ ಮ್ಯಾಲ ಯಾವ ಹಾಡ ಹಾಡತಿದ್ರಿ?’ ಎಂದು ಕೇಳಿ, ಸುಮ್ಮನೆ ಕೂತುಬಿಡಿ. ಮುತ್ಯಾ ಇಲ್ಲದಿದ್ದರೆ ಆಯಿಗೆ ಕೇಳಿ. ಎಷ್ಟೋ ಸಲ ಅವಳಿಗೇ ಹೆಚ್ಚು ಹಾಡು ಬರುತ್ತವೆ.

4. ಜಗಲಿಯ ಮೇಲೆ ಕುಂಕುಮ ಹಚ್ಚಿಟ್ಟ ವಾದ್ಯಕ್ಕೆ ಬೆಲೆ ಕಟ್ಟಬೇಡಿ.
ಅದು ಆ ಮನೆಯ ದೇವರು. ಕೈ ಮುಗಿದು, ಒಪ್ಪಿಗೆ ಇದ್ದರೆ ಒಂದು ಫೋಟೋ ತೆಗೆದುಕೊಂಡು ಬನ್ನಿ.

5. ಬಿಸಿಲಿಗೆ ಹಿಡಿದು ನೋಡಿ, ಆಮೇಲೆ ಕೊಳ್ಳಿ.
ಕೊಳಗದ ಒಳಗೆ ಇಣುಕಿ: ಬೆಳಕಿನ ಗೆರೆ ಕಂಡರೆ ಕಟ್ಟಿಗೆ ಸೀಳಿದೆ. ಅಂಗೈ ಮೇಲೆ ಬೋರಲು ಹಾಕಿ ತಟ್ಟಿ: ಸಣ್ಣ ಪುಡಿ ಉದುರಿದರೆ ಹುಳು ಹಿಡಿದಿದೆ, ಮನೆಯ ಉಳಿದ ವಾದ್ಯಗಳ ಹತ್ತಿರ ತರಬೇಡಿ. ತೊಗಲು ಹರಿದಿದ್ದರೆ ಚಿಂತೆಯಿಲ್ಲ, ಅದು ಬದಲಾಯಿಸುವ ಸಾಮಾನು. ಕೋಲು ಕೊಳಗಕ್ಕೆ ಕೂಡಿದ ಜಾಗವನ್ನು ಮಾತ್ರ ಎರಡೆರಡು ಸಲ ಅಲುಗಾಡಿಸಿ ನೋಡಿ. ತಂತಿಯ ಎಳೆತವೆಲ್ಲ ಬೀಳುವುದು ಅಲ್ಲಿ. ಅದು ಸಡಿಲವಿದ್ದರೆ ಶ್ರುತಿ ಎಂದಿಗೂ ನಿಲ್ಲದು.

6. ತಗಡಿನ ಡಬ್ಬಿಯದೆಂದು ತಳ್ಳಿಹಾಕಬೇಡಿ.
ಕೈಗೆ ಸಿಕ್ಕ ಸಾಮಾನಿನಿಂದ ಮಾಡಿಕೊಂಡ ತುಂತುಣಿಗೂ ಅದರದೇ ದನಿ ಇದೆ. ಇಟಲಿಯಲ್ಲಿ ಹುಟ್ಟಿ ಅಮೆರಿಕ ಸೇರಿದ ಗಿಟಾರ್ ತಯಾರಕ ಮಾರಿಯೊ ಮಕಫೆರಿ 1949ರಲ್ಲಿ ‘ಐಲ್ಯಾಂಡರ್’ ಎಂಬ ಪ್ಲಾಸ್ಟಿಕ್ ಯುಕುಲೇಲೆ ಹೊರತಂದರು. ಅಗ್ಗದ ಆ ನಾಲ್ಕು ತಂತಿಯ ವಾದ್ಯ ಲಕ್ಷಗಟ್ಟಲೆ ಮಾರಾಟವಾಯಿತು; ಇಂದು ಅದನ್ನು ಹುಡುಕಿ ಕೂಡಿಸುವವರು, ನುಡಿಸುವವರು ಇದ್ದಾರೆ. ನಮ್ಮ ಡಬ್ಬಿ ತುಂತುಣಿಗೂ ಆ ಗೌರವ ಸಲ್ಲಬೇಕು.

7. ರಿಪೇರಿ ಎಷ್ಟು ಬೇಕೋ ಅಷ್ಟೇ.
ಪಾಲಿಶ್, ಬಣ್ಣ ಬೇಡವೇ ಬೇಡ. ಹಳೆಯ ಕೈಗಳು ಹಿಡಿದು ಹಿಡಿದು ನುಣುಪಾದ ಕೋಲನ್ನು ಉಜ್ಜಿ ಹೊಳಪು ತಂದರೆ ಅದರ ಕಥೆಯೂ ಉಜ್ಜಿಹೋಗುತ್ತದೆ. ಒಣ ಬಟ್ಟೆಯಿಂದ ಒರೆಸಿದರೆ ಸಾಕು. ತೊಗಲನ್ನು ನಿಮ್ಮೂರಿನಲ್ಲೇ ಹಲಗೆ, ಡಪ್ಪು ಬಿಗಿಯುವವರಿಂದ ಹಾಕಿಸಿ, ಅವರ ಕೂಲಿಯಲ್ಲಿ ಚೌಕಾಸಿ ಮಾಡಬೇಡಿ. ಆ ಕೈ ನಿಂತರೆ ನಿಮ್ಮ ಹವ್ಯಾಸವೂ ನಿಂತಂತೆ. ತಂತಿ ತೊಗಲನ್ನು ಕೊರೆಯದಂತೆ ಹೊರಗಡೆ ಸಣ್ಣ ಬಿಲ್ಲೆ ಇದೆಯೇ ನೋಡಿಕೊಳ್ಳಿ. ಒಳ್ಳೆಯ ಉಕ್ಕಿನ ತಂತಿ ಬೇಕೆಂದರೆ ಮಿರಜ್ ದೂರವಿಲ್ಲ. ಅಲ್ಲಿಯ ಸಿತಾರ, ತಂಬೂರಿಗಳಿಗೆ 2024ರಲ್ಲಿ ಭೌಗೋಳಿಕ ಗುರುತಿನ ಮಾನ್ಯತೆ ಸಿಕ್ಕಿತು. ಸಿತಾರದ ತೆಳು ತಂತಿ ತುಂತುಣಿಗೂ ಒಗ್ಗುತ್ತದೆ. ಮಳೆಗಾಲದ ಥಂಡಿಗೆ ತೊಗಲು ಸಡಿಲಾಗಿ ಶ್ರುತಿ ಇಳಿಯುತ್ತದೆ, ನಮ್ಮ ಬ್ಯಾಸಗಿಗೆ ಬಿಗಿದು ಏರುತ್ತದೆ. ನುಡಿಸದ ದಿನಗಳಲ್ಲಿ ಬಿರಡೆ ಸ್ವಲ್ಪ ಸಡಿಲಿಸಿಡಿ.

8. ಹಿಮ್ಮೇಳದಲ್ಲಿ ನಿಂತು ಕಲಿಯಿರಿ.
ತುಂತುಣಿಯನ್ನು ಒಬ್ಬರೇ ಕೋಣೆಯಲ್ಲಿ ಕೂತು ಕಲಿಯಬಹುದು ಎಂಬುದನ್ನು ನಾನು ಒಪ್ಪುವುದಿಲ್ಲ. ಗೀಗೀ ಮೇಳದಲ್ಲಿ ಮುಂದೆ ನಿಂತವರು ಡಪ್ಪು ಬಾರಿಸುತ್ತ ಹಾಡುತ್ತಾರೆ. ಹಿಂದೆ ಒಬ್ಬರು ತಾಳ, ಇನ್ನೊಬ್ಬರು ತುಂತುಣಿ. ತುಂತುಣಿಯವರಿಗೆ ಎರಡು ಕೆಲಸ: ಹಾಡುವವರಿಗೆ ಶ್ರುತಿ ತಪ್ಪದಂತೆ ಕಾಯುವುದು, ಡಪ್ಪಿನ ಪೆಟ್ಟುಗಳ ನಡುವಿನ ತೆರವನ್ನು ತುಂಬುವುದು. ಜೊತೆಗೆ ‘ಗೀಗೀ’ ಎಂದು ಸೊಲ್ಲು ಎತ್ತಿಕೊಳ್ಳಲೇಬೇಕು. ಹೀಗಾಗಿ ಮೊದಲು ಕೊರಳು, ಆಮೇಲೆ ಬೆರಳು. ಮುಮ್ಮೇಳದವರ ಷಡ್ಜಕ್ಕೆ ತಂತಿ ಕೂಡಿಸಿ. ತೋರುಬೆರಳಿನಿಂದ ಒಂದೇ ತೂಕದಲ್ಲಿ ಮೀಟಿ. ಜೋರು ಮಾಡುವ ಹಂಬಲ ಬೇಡ. ನುಡಿ ಮುಗಿದು ಸೊಲ್ಲು ಬರುವಲ್ಲಿ ಮಾತ್ರ ಕೈ ಚುರುಕಾಗಲಿ. ಕಥೆ ಬಿಗಿಯಾಗುವ ಹೊತ್ತಿಗೆ ಮುಮ್ಮೇಳದವರು ಲಯ ಏರಿಸುತ್ತಾರೆ. ಅವರ ಕೈ ನೋಡಬೇಡಿ, ಉಸಿರು ಕೇಳಿ. ಉಸಿರು ಎಳೆದುಕೊಂಡ ಕೂಡಲೇ ನೀವು ಸಿದ್ಧರಿರಬೇಕು. ಗುರುವಿಗೆ ಮೊದಲ ದಿನವೇ ಟೆಂಗು, ಎಲೆ-ಅಡಕೆ ಕೊಟ್ಟು ನಮಸ್ಕಾರ ಮಾಡಿ. ಮೇಳದವರು ಒಮ್ಮೆ ನಿಮ್ಮನ್ನು ಒಳಗೆ ಕರೆದುಕೊಂಡರೆ ವಾದ್ಯಗಳು ತಾವಾಗಿಯೇ ನಿಮ್ಮನ್ನು ಹುಡುಕಿಕೊಂಡು ಬರುತ್ತವೆ.

9. ಪ್ರತಿ ವಾದ್ಯಕ್ಕೂ ಒಂದು ಪುಟ ಬರೆದಿಡಿ.
ಯಾವ ಊರು, ಯಾವ ಮೇಳ, ಹರದೇಶಿಯೋ ನಾಗೇಶಿಯೋ, ಮಾಡಿದವರು ಯಾರು, ಅದರ ಮೇಲೆ ಹಾಡಿದ ಹಾಡುಗಳು ಯಾವುವು, ಎಷ್ಟು ಕೊಟ್ಟು ತಂದಿರಿ. ಹಾಡನ್ನು ಮೊಬೈಲ್‌ನಲ್ಲಿ ಮುದ್ರಿಸಿಕೊಳ್ಳುವಾಗ ಹಾಡಿದವರ ಒಪ್ಪಿಗೆಯೂ ಅದರಲ್ಲೇ ಇರಲಿ. ವಾದ್ಯದ ಜೊತೆ ಕೈಬರಹದ ಹಾಡಿನ ವಹಿ ಸಿಕ್ಕರೆ ಹಣ ಕೊಟ್ಟು ಎತ್ತಿಕೊಂಡು ಬರಬೇಡಿ. ಪುಟ ಪುಟವೂ ಫೋಟೋ ತೆಗೆದು, ಒಂದು ಪ್ರತಿ ಮಾಡಿಸಿ ನೀವಿಟ್ಟುಕೊಳ್ಳಿ. ಮೂಲ ಆ ಮನೆಯಲ್ಲೇ ಇರಲಿ. 1972ರ ಪುರಾತನ ವಸ್ತುಗಳ ಕಾಯ್ದೆಯ ಪ್ರಕಾರ ನೂರು ವರ್ಷ ದಾಟಿದ ಕಲಾವಸ್ತುವನ್ನೂ, ಎಪ್ಪತ್ತೈದು ವರ್ಷ ದಾಟಿದ ಮಹತ್ವದ ಹಸ್ತಪ್ರತಿಯನ್ನೂ ಖಾಸಗಿಯವರು ದೇಶದ ಹೊರಗೆ ಕಳಿಸುವಂತಿಲ್ಲ. ಹೊರದೇಶದ ಗಿರಾಕಿ ಎಷ್ಟೇ ಬೆಲೆ ಹೇಳಲಿ, ಫೋನ್ ಇಟ್ಟುಬಿಡಿ.