ಇದ್ದಷ್ಟು ನೂಲಿನಲ್ಲಿ ಒಂದು ಜಾಲರಿ ಶಾಲು



ಹೆಣಿಗೆ ಕಲಿತ ಸದಸ್ಯೆಯರು ಸಭೆಗಳಲ್ಲಿ ಮತ್ತೆ ಮತ್ತೆ ಕೇಳುವ ಪ್ರಶ್ನೆ ಇದು: “ನನ್ನ ಹತ್ರ ಇರೋದು 100 ಗ್ರಾಂ ಉಲ್ಲನ್ ಮಾತ್ರ. ಇದರಲ್ಲಿ ಶಾಲು ಆಗತ್ತಾ?” ಆಗುತ್ತದೆ. ಆದರೆ ಶಾಲು ಎಷ್ಟು ದೊಡ್ಡದಾಗಬೇಕೆಂದು ಮೊದಲೇ ತೀರ್ಮಾನಿಸಿ ಕೂತರೆ ಆಗುವುದಿಲ್ಲ. ಹಾಸಿಗೆ ಇದ್ದಷ್ಟು ಕಾಲು ಚಾಚು ಎಂದು ಹಿರಿಯರು ಹೇಳಿದ ಹಾಗೆ, ನೂಲು ಎಷ್ಟಿದೆಯೋ ಅಷ್ಟಕ್ಕೆ ಶಾಲು ನಿಲ್ಲಬೇಕು. ಅದಕ್ಕೆ ಒಂದು ಲೆಕ್ಕವಿದೆ. ಈ ಪಾಠದಲ್ಲಿ ಆ ಲೆಕ್ಕವನ್ನು ಕಲಿಯೋಣ.

ನೂಲು ಮುಗಿದು ಶಾಲು ಅರ್ಧಕ್ಕೆ ನಿಂತರೆ ನಷ್ಟ ಯಾರಿಗೆ? ಸಂಘದಿಂದ ಸಾಲ ಪಡೆದು ನೂಲು ತಂದಿದ್ದರೆ ಕಂತು ನಿಲ್ಲುವುದಿಲ್ಲ, ಮುಗಿಯದ ಶಾಲನ್ನು ಯಾರೂ ಕೊಳ್ಳುವುದೂ ಇಲ್ಲ. “ಇನ್ನೊಂದು ಉಂಡೆ ತಂದರಾಯ್ತು” ಅಂತ ಹೇಳಬಹುದು. ಆದರೆ ನೂಲಿಗೆ ಬಣ್ಣ ಹಾಕುವುದು ಒಂದೊಂದು ಸಲಕ್ಕೆ ಒಂದೊಂದು ಲಾಟ್ ಆಗಿ. ಬೇರೆ ಲಾಟಿನ ಅದೇ ಬಣ್ಣವನ್ನು ಪಕ್ಕದಲ್ಲಿಟ್ಟರೆ ವ್ಯತ್ಯಾಸ ಕಣ್ಣಿಗೆ ಹೊಡೆಯುತ್ತದೆ. ಆದ್ದರಿಂದ ಎರಡು ಉಂಡೆ ಕೊಳ್ಳುವಾಗ ಚೀಟಿಯ ಮೇಲಿನ ಲಾಟ್ ನಂಬರ್ ಒಂದೇ ಇದೆಯೇ ಎಂದು ನೋಡಿಯೇ ಕೊಳ್ಳಿ.

ಜಾಲರಿ ಹೆಣಿಗೆಯೇ ಏಕೆ?

ಜಾಲರಿ ಎಂದರೆ ತೂತುಗಳ ಹೆಣಿಗೆ. ಕಡ್ಡಿಗೆ ನೂಲನ್ನು ಒಂದು ಸುತ್ತು ಹಾಕಿದರೆ ಒಂದು ತೂತು ಆಗುತ್ತದೆ, ಒಂದು ಕುಣಿಕೆಯೂ ಹೆಚ್ಚುತ್ತದೆ. ಪಕ್ಕದಲ್ಲಿ ಎರಡು ಕುಣಿಕೆಗಳನ್ನು ಸೇರಿಸಿ ಒಂದು ಮಾಡಿದರೆ ಲೆಕ್ಕ ಸರಿಹೋಗುತ್ತದೆ. ತೂತು ಇರುವ ಕಡೆ ನೂಲು ಖರ್ಚಿಲ್ಲ. ಹಾಗಾಗಿ ಸ್ವೆಟರಿನಂತೆ ಒತ್ತಾಗಿ ಹೆಣೆಯುವುದಕ್ಕಿಂತ ಕಡಿಮೆ ನೂಲಿನಲ್ಲಿ ಅಗಲವಾದ ಬಟ್ಟೆ ಸಿಗುತ್ತದೆ.

ತೆಳು ನೂಲು, ದಪ್ಪ ಕಡ್ಡಿ ಇದಕ್ಕೆ ಅನುಕೂಲ. 100 ಗ್ರಾಂಗೆ ಸುಮಾರು 400 ಮೀಟರ್ ಬರುವ ನೂಲಿಗೆ 8 ನಂಬರ್, ಅಂದರೆ 4 ಮಿ.ಮೀ. ಕಡ್ಡಿ ಸಾಕು. ನಮ್ಮ ಅಂಗಡಿಗಳ ಹಳೆಯ ನಂಬರಿನಲ್ಲಿ ನಂಬರ್ ಹೆಚ್ಚಾದಷ್ಟು ಕಡ್ಡಿ ತೆಳ್ಳಗೆ ಎಂಬುದನ್ನು ಮರೆಯಬೇಡಿ. ಕುಣಿಕೆಗಳು ಇನ್ನೂರು ದಾಟುವುದರಿಂದ ನಡುವೆ ವಯರ್ ಇರುವ ಉದ್ದನೆಯ ಕಡ್ಡಿಯನ್ನೇ ತೆಗೆದುಕೊಳ್ಳಿ.

ಎಲ್ಲಿ ಬೇಕಾದರೂ ನಿಲ್ಲಿಸಬಹುದಾದ ಆಕಾರ

ನೂಲು ಕಡಿಮೆ ಇದ್ದಾಗ ಕುತ್ತಿಗೆಯಿಂದ ಕೆಳಕ್ಕೆ ಬೆಳೆಯುವ ಮೂರು ಮೂಲೆಯ ಶಾಲು ಒಳ್ಳೆಯದು. ಇದನ್ನು ಎಲ್ಲಿ ನಿಲ್ಲಿಸಿದರೂ ಅದು ಶಾಲೇ ಆಗಿರುತ್ತದೆ, ಸ್ವಲ್ಪ ಚಿಕ್ಕದು ಅಥವಾ ದೊಡ್ಡದು ಅಷ್ಟೆ. ಮಾಡುವ ಕ್ರಮ ಹೀಗಿದೆ:

1. 7 ಕುಣಿಕೆ ಹಾಕಿ. ಆ ಕಡೆ 2, ಈ ಕಡೆ 2 ಅಂಚಿನವು. ಸರಿ ಮಧ್ಯದ್ದು ನಡುಗುಣಿಕೆ. ಅದರ ಎರಡೂ ಪಕ್ಕದಲ್ಲಿ ಉಳಿದ ಒಂದೊಂದು ಕುಣಿಕೆ ಶಾಲಿನ ರೆಕ್ಕೆಗಳು.

2. ಮುಂದಿನ ಮುಖದ ಸಾಲು: ಅಂಚಿನ 2 ಸೀದಾ, ಒಂದು ಸುತ್ತು, ರೆಕ್ಕೆ ಪೂರ್ತಿ ಸೀದಾ, ಒಂದು ಸುತ್ತು, ನಡುಗುಣಿಕೆ ಸೀದಾ, ಒಂದು ಸುತ್ತು, ಇನ್ನೊಂದು ರೆಕ್ಕೆ ಸೀದಾ, ಒಂದು ಸುತ್ತು, ಅಂಚಿನ 2 ಸೀದಾ. ಒಟ್ಟು 4 ಕುಣಿಕೆ ಹೆಚ್ಚಾಗುತ್ತವೆ.

3. ಹಿಂದಿನ ಮುಖದ ಸಾಲು: ಎರಡೂ ಅಂಚಿನ 2 ಕುಣಿಕೆ ಸೀದಾ, ನಡುವೆ ಎಲ್ಲವೂ ಉಲ್ಟಾ.

4. ರೆಕ್ಕೆಗಳು ಹತ್ತು ಕುಣಿಕೆ ದಾಟಿದ ಮೇಲೆ ಪ್ರತಿ 8 ಸಾಲಿಗೊಮ್ಮೆ, ಮುಂದಿನ ಮುಖದಲ್ಲಿ, ರೆಕ್ಕೆಯೊಳಗೆ “ಎರಡನ್ನು ಒಂದು ಮಾಡಿ, ಒಂದು ಸುತ್ತು” ಎಂದು ಕೊನೆಯ ಒಂದು ಕುಣಿಕೆ ಉಳಿಯುವ ತನಕ ಮಾಡಿ, ಅದನ್ನು ಸೀದಾ ಹೆಣೆಯಿರಿ. ಸಾಲಾಗಿ ತೂತುಗಳು ಬರುತ್ತವೆ. ರೆಕ್ಕೆಯ ಆಚೀಚೆ ಹಾಕುವ ನಾಲ್ಕು ಸುತ್ತುಗಳನ್ನು ಈ ಸಾಲಿನಲ್ಲೂ ಬಿಡಬಾರದು.

ಮೋಸ ಹೋಗುವುದು ಇಲ್ಲೇ

ಸಾಲು ಹೋದ ಹಾಗೆ ಶಾಲು ಅಗಲವಾಗುತ್ತದೆ. ಮೊದಲ ಸಾಲುಗಳು ಹತ್ತು ಹದಿನೈದು ಕುಣಿಕೆಯವು, ಕೊನೆಯವು ಇನ್ನೂರರವು. ನೂಲು ಸಾಲಿನ ಲೆಕ್ಕದಲ್ಲಿ ಖರ್ಚಾಗುವುದಿಲ್ಲ, ಕುಣಿಕೆಯ ಲೆಕ್ಕದಲ್ಲಿ ಖರ್ಚಾಗುತ್ತದೆ. 100 ಸಾಲಿನ ಶಾಲನ್ನೇ ನೋಡಿ:

- 50 ಸಾಲು ಮುಗಿದಾಗ 107 ಕುಣಿಕೆ. ಖರ್ಚಾದ ನೂಲು ಕಾಲು ಭಾಗಕ್ಕಿಂತ ಸ್ವಲ್ಪ ಹೆಚ್ಚು.
- 70 ಸಾಲು ಮುಗಿದಾಗ 147 ಕುಣಿಕೆ. ಖರ್ಚಾದ ನೂಲು ಸುಮಾರು ಅರ್ಧ.
- 100 ಸಾಲು ಮುಗಿದಾಗ 207 ಕುಣಿಕೆ. ನೂಲು ಪೂರ್ತಿ.

ಅಂದರೆ ಕೊನೆಯ 30 ಸಾಲಿಗೆ, ಮೊದಲ 70 ಸಾಲಿಗೆ ಬೇಕಾದಷ್ಟೇ ನೂಲು ಬೇಕು! ಉಂಡೆ ಅರ್ಧ ಉಳಿದಿದೆ ಎಂದು ಇನ್ನೂ 70 ಸಾಲು ಹೆಣೆಯಲು ಹೊರಟರೆ ನಡುದಾರಿಯಲ್ಲೇ ನಿಲ್ಲಬೇಕಾಗುತ್ತದೆ.

ತಕ್ಕಡಿಯೇ ದಾರಿ

ಉಂಡೆಯನ್ನು ಕೈಯಲ್ಲಿ ಹಿಡಿದು ಅಂದಾಜು ಮಾಡಬೇಡಿ. ಗ್ರಾಂ ತೋರಿಸುವ ಅಡುಗೆಮನೆಯ ಚಿಕ್ಕ ಡಿಜಿಟಲ್ ತಕ್ಕಡಿಯೊಂದನ್ನು ಸಂಘಕ್ಕೇ ಕೊಂಡುಕೊಂಡರೆ ಎಲ್ಲರೂ ಬಳಸಬಹುದು. 4 ಸಾಲು ಹೆಣೆಯುವ ಮೊದಲು ಒಮ್ಮೆ, ಹೆಣೆದ ಮೇಲೆ ಒಮ್ಮೆ ಉಂಡೆಯನ್ನು ತೂಗಿ, ವ್ಯತ್ಯಾಸವನ್ನು ಬರೆದಿಡಿ.

ಒಂದು ಉದಾಹರಣೆ: 80 ಸಾಲು ಮುಗಿದಿದೆ. ಉಂಡೆಯಲ್ಲಿ 42 ಗ್ರಾಂ ಉಳಿದಿದೆ. ಈಗ 4 ಸಾಲಿಗೆ 6 ಗ್ರಾಂ ಬೇಕಾಗುತ್ತಿದೆ. ಕೆಳಗಿನ ಅಂಚಿಗೆ 6 ಸಾಲಿನ ವಿನ್ಯಾಸ ಹಾಕುವ ಆಸೆ. ಅದಕ್ಕೆ 10 ಗ್ರಾಂ, ಕುಣಿಕೆಗಳನ್ನು ಮುಚ್ಚಲು 5 ಗ್ರಾಂ, ಕೈಮೀರಿದರೆ ಇರಲಿ ಎಂದು ಇನ್ನೊಂದು 5 ಗ್ರಾಂ. ಒಟ್ಟು 20 ಗ್ರಾಂ ಪಕ್ಕಕ್ಕೆ. ಮಿಕ್ಕಿದ್ದು 22 ಗ್ರಾಂ. ಅದರಲ್ಲಿ 12 ಸಾಲು ಹೆಣೆಯಬಹುದು. ಸಾಲುಗಳು ಅಗಲವಾಗುತ್ತಾ ಹೋಗುವುದರಿಂದ ಪ್ರತಿ 4 ಸಾಲಿಗೂ ಮತ್ತೆ ತೂಗಿ ನೋಡಿ.

ಮುಚ್ಚುವ ಸಾಲಿನಲ್ಲಿ ಜಿಪುಣತನ ಬೇಡ. ಬಿಗಿಯಾಗಿ ಮುಚ್ಚಿದರೆ ಅಂಚು ಸುರುಟಿಕೊಂಡು ಶಾಲು ಹರಡುವುದೇ ಇಲ್ಲ. ಅಂಚಿನ ಉದ್ದದ ನಾಲ್ಕು ಪಟ್ಟಾದರೂ ನೂಲು ಕೈಯಲ್ಲಿರಲಿ. ಒಂದು ನಂಬರ್ ದಪ್ಪ ಕಡ್ಡಿಯಲ್ಲಿ ಮುಚ್ಚಿದರೆ ಸಡಿಲವಾಗಿ ಬರುತ್ತದೆ.

ಸಾಲದಿದ್ದರೆ ಏನು ಮಾಡೋದು?

ಅಂಚಿನ ವಿನ್ಯಾಸ ಶುರು ಮಾಡುವ ಮೊದಲು ಬೇರೆ ಬಣ್ಣದ ಹೊಲಿಗೆ ದಾರವನ್ನು ಸೂಜಿಯಲ್ಲಿ ಪೋಣಿಸಿ, ಕಡ್ಡಿಯ ಮೇಲಿನ ಎಲ್ಲಾ ಕುಣಿಕೆಗಳ ಒಳಗಿಂದ ಹಾಯಿಸಿಡಿ. ನೂಲು ಸಾಲದೆ ಬಿಚ್ಚಬೇಕಾಗಿ ಬಂದರೆ ಬಿಚ್ಚುವುದು ಆ ದಾರದವರೆಗೆ ಮಾತ್ರ, ಕುಣಿಕೆಗಳು ಜಾರುವುದಿಲ್ಲ. ಇನ್ನೊಂದು ಉಪಾಯವೆಂದರೆ ಅಂಚಿನ ಸಾಲುಗಳನ್ನು ಒಪ್ಪುವ ಬೇರೆ ಬಣ್ಣದಲ್ಲಿ ಹೆಣೆಯುವುದು. ಅದೇ ಬಣ್ಣದ ಬೇರೆ ಲಾಟ್ ಸೇರಿಸುವುದಕ್ಕಿಂತ ಇದು ಚೆಂದ. ಬೇಕೆಂದೇ ಮಾಡಿದ ಹಾಗೆ ಕಾಣುತ್ತದೆ.

ಕಡ್ಡಿಯಿಂದ ಇಳಿಸಿದಾಗ ಶಾಲು ಮುದುಡಿ ಚಿಕ್ಕದಾಗಿ ಕಂಡರೆ ಗಾಬರಿ ಬೇಡ. ಉಣ್ಣೆಯದ್ದಾದರೆ ತಣ್ಣೀರಿನಲ್ಲಿ ನೆನೆಸಿ, ಹಿಂಡದೆ ಟವೆಲಿನಲ್ಲಿ ಒತ್ತಿ, ಚಾಪೆಯ ಮೇಲೆ ಹಾಸಿದ ಹಳೆ ಸೀರೆಯ ಮೇಲೆ ಎಳೆದು ತುಕ್ಕು ಹಿಡಿಯದ ಪಿನ್ನು ಚುಚ್ಚಿ ಒಣಗಲು ಬಿಡಿ. ತೂತುಗಳು ಅರಳಿ ಶಾಲು ಅಗಲವಾಗುತ್ತದೆ. ನಮ್ಮ ಅಂಗಡಿಗಳಲ್ಲಿ ಉಲ್ಲನ್ ಎಂದು ಮಾರುವುದರಲ್ಲಿ ಬಹಳಷ್ಟು ಅಕ್ರಿಲಿಕ್. ಅದು ನೀರಿಗೆ ಅಷ್ಟಾಗಿ ಬಗ್ಗುವುದಿಲ್ಲ. ಆದ್ದರಿಂದ ಕೊಳ್ಳುವಾಗಲೇ ಚೀಟಿ ಓದಿ.

ನೂಲಿನ ಲೆಕ್ಕ, ಕೂಲಿಯ ಲೆಕ್ಕ

ಜಾಲರಿ ಶಾಲಿಗೆ ಲೋಕಪ್ರಸಿದ್ಧವಾದದ್ದು ಸ್ಕಾಟ್ಲೆಂಡಿನ ಉತ್ತರಕ್ಕಿರುವ ಶೆಟ್ಲೆಂಡ್ ದ್ವೀಪಗಳು. ಮದುವೆ ಉಂಗುರದೊಳಗೆ ತೂರಿಸಿ ಎಳೆಯುವಷ್ಟು ನವಿರಾದ ಶಾಲನ್ನು ಅಲ್ಲಿನ ಹೆಂಗಸರು ಹೆಣೆಯುತ್ತಿದ್ದರು. ಆದರೂ ಅವರ ಕೈಗೆ ಹಣ ಬರುತ್ತಿದ್ದದ್ದು ಅಪರೂಪ. ವ್ಯಾಪಾರಿಗಳು ಶಾಲು ತೆಗೆದುಕೊಂಡು ಬದಲಿಗೆ ಬಟ್ಟೆ, ಚಹಾದಂಥ ಅಂಗಡಿ ಸಾಮಾನು ಕೊಡುತ್ತಿದ್ದರು. 1872ರಲ್ಲಿ ಬಂದ ಸರಕಾರಿ ವಿಚಾರಣಾ ವರದಿಯಲ್ಲಿ ಈ ಹೆಂಗಸರ ಹೇಳಿಕೆಗಳು ದಾಖಲಾಗಿವೆ. ಕೈಯಲ್ಲಿ ಕಲೆ ಇದ್ದರೂ ಬೆಲೆ ಕಟ್ಟುವವರು ಬೇರೆಯವರಾಗಿದ್ದರು.

ಆದ್ದರಿಂದ ಪ್ರತಿ ಶಾಲಿಗೂ ಪುಸ್ತಕದಲ್ಲಿ ಒಂದು ಪುಟ ಇರಲಿ. ತಂದ ನೂಲು ಎಷ್ಟು ಗ್ರಾಂ, ಕೊಟ್ಟ ಬೆಲೆ, ಉಳಿದ ನೂಲು, ಹೆಣೆದ ಗಂಟೆ, ಇವನ್ನೆಲ್ಲ ಬರೆಯಿರಿ. ಒಂದು ಶಾಲಿಗೆ 40 ಗಂಟೆ ಹಿಡಿಯಿತು, ಗಂಟೆಗೆ 50 ರೂಪಾಯಿ ಅಂತ ಇಟ್ಟುಕೊಂಡರೆ ಕೂಲಿಯೇ 2000 ರೂಪಾಯಿ. ಅದಕ್ಕೆ ನೂಲಿನ ಬೆಲೆ ಸೇರಬೇಕು. “ಮನೆಯಲ್ಲಿ ಸುಮ್ಮನೆ ಕೂತು ಮಾಡಿದ್ದಲ್ವಾ” ಎಂದು ಚೌಕಾಸಿ ಮಾಡುವವರ ಮುಂದೆ ಈ ಪುಟವನ್ನು ತೆರೆದು ತೋರಿಸಬಹುದು. ಬಿಡುವಿನಲ್ಲಿ ಮಾಡಿದ ಕೆಲಸವೂ ಕೆಲಸವೇ.

ಸಂಘದ ಸಭೆಯಲ್ಲಿ ಮಾಡಿ ನೋಡಲು

1. ಮನೆಯಲ್ಲಿ ಉಳಿದಿರುವ ನೂಲಿನ ಉಂಡೆಗಳನ್ನು ತಂದು ತೂಗಿ. ಯಾವುದು ಶಾಲಿಗೆ, ಯಾವುದು ಅಂಚಿಗೆ ಆಗಬಹುದು ಎಂದು ಮಾತಾಡಿಕೊಳ್ಳಿ.

2. ಒಬ್ಬರ ಉಂಡೆಯಲ್ಲಿ 35 ಗ್ರಾಂ ಉಳಿದಿದೆ. 4 ಸಾಲಿಗೆ 5 ಗ್ರಾಂ ಬೇಕು. ಅಂಚಿಗೆ, ಮುಚ್ಚಲು, ಕೈಮೀರಿದ್ದಕ್ಕೆ ಎಂದು ಒಟ್ಟು 18 ಗ್ರಾಂ ತೆಗೆದಿಟ್ಟರೆ ಇನ್ನೆಷ್ಟು ಸಾಲು ಹೆಣೆಯಬಹುದು?

3. ನಮ್ಮ ಸಂಘದಲ್ಲಿ ಒಂದು ಗಂಟೆಯ ಹೆಣಿಗೆಗೆ ಎಷ್ಟು ಕೂಲಿ ಇಡೋಣ? ಎಲ್ಲರೂ ಒಂದೇ ದರ ಹೇಳಿದರೆ ಕೊಳ್ಳುವವರ ಹತ್ತಿರ ಏನು ಅನುಕೂಲ?