ಕಾಂಡ್ಲದ ಕೆಸರಿನಲ್ಲಿ ಔಷಧ ಇದೆಯೇ?

ಪ್ರಶ್ನೆ: ಆ್ಯಂಟಿಬಯಾಟಿಕ್‌ಗಳನ್ನು ಮಣ್ಣಿನ ಬ್ಯಾಕ್ಟೀರಿಯಾಗಳೇ ತಯಾರಿಸುತ್ತವೆ ಎಂದು ಮಗಳ ಪಾಠದಲ್ಲಿದೆ. ಹಾಗಾದರೆ ನಮ್ಮೂರಿನ ಕಾಂಡ್ಲ ಗಿಡಗಳ ಬುಡದ ಕೆಸರಿನಲ್ಲೂ ಇರಬೇಕಲ್ಲ? ಮಣ್ಣು ಎಲ್ಲೆಡೆ ಇರುವಾಗ ಹೊಸ ಔಷಧ ಸಿಗುವುದು ಯಾಕಿಷ್ಟು ಅಪರೂಪ?
– ಓದುಗರು, ಮಾವಿನಕುರ್ವೆ

ಉತ್ತರ: ನಿಮ್ಮ ಊಹೆ ಸರಿ. ಮೊದಲ ಮಳೆಗೆ ಮಣ್ಣು ಘಮ್ಮೆನ್ನಲು ಮುಖ್ಯ ಕಾರಣ ಜಿಯೋಸ್ಮಿನ್ ಎಂಬ ವಸ್ತು. ಅದನ್ನು ತಯಾರಿಸುವುದರಲ್ಲಿ ಸ್ಟ್ರೆಪ್ಟೊಮೈಸಿಸ್ ಕುಲದ ಬ್ಯಾಕ್ಟೀರಿಯಾಗಳದ್ದೇ ದೊಡ್ಡ ಪಾಲು. ಕ್ಷಯಕ್ಕೆ ಮದ್ದಾದ ಸ್ಟ್ರೆಪ್ಟೊಮೈಸಿನ್ 1943ರಲ್ಲಿ ಸಿಕ್ಕಿದ್ದೂ ಇದೇ ಕುಲದಿಂದ.

ಈ ಹುಡುಕಾಟದಲ್ಲಿ ಕರ್ನಾಟಕದವರ ಹೆಸರೂ ಇದೆ. ಎಂ.ಜೆ. ತಿರುಮಲಾಚಾರ್ ಅವರು ಪುಣೆ ಬಳಿಯ ಪಿಂಪ್ರಿಯಲ್ಲಿರುವ ಹಿಂದೂಸ್ತಾನ್ ಆ್ಯಂಟಿಬಯಾಟಿಕ್ಸ್ ಸಂಸ್ಥೆಯಲ್ಲಿ ಸಂಶೋಧನೆಯ ಮುಖ್ಯಸ್ಥರಾಗಿದ್ದರು. 1960ರ ದಶಕದಲ್ಲಿ ಅವರ ತಂಡ ಮಣ್ಣಿನ ಬ್ಯಾಕ್ಟೀರಿಯಾಗಳಿಂದ ಹ್ಯಾಮೈಸಿನ್, ಆರಿಯೋಫಂಗಿನ್ ಮೊದಲಾದ ಶಿಲೀಂಧ್ರನಾಶಕಗಳನ್ನು ಬೇರ್ಪಡಿಸಿತು. ಹ್ಯಾಮೈಸಿನ್ ಕೊಟ್ಟ ಜೀವಿಗೆ ಊರಿನದೇ ಹೆಸರು: ಸ್ಟ್ರೆಪ್ಟೊಮೈಸಿಸ್ ಪಿಂಪ್ರಿನಾ. ತೆಂಗಿನ ಅಣಬೆ ರೋಗಕ್ಕೆ ಬೇರಿನ ಮೂಲಕ ಉಣಿಸುವಂತೆ ಕೃಷಿ ತಜ್ಞರು ಶಿಫಾರಸು ಮಾಡುತ್ತಿದ್ದ ಮದ್ದು ಈ ಆರಿಯೋಫಂಗಿನ್.

ಆಗಿನ ವಿಧಾನ ಸರಳ. ಚಿಟಿಕೆ ಮಣ್ಣನ್ನು ಒಣಗಿಸಿ, ನೀರಿನಲ್ಲಿ ಕದಡಿ, ಗಾಜಿನ ತಟ್ಟೆಯ ಪೋಷಕ ಲೋಳೆಯ ಮೇಲೆ ಹರಡುತ್ತಾರೆ. ವಾರ ಕಳೆಯುವುದರೊಳಗೆ ಸೀಮೆಸುಣ್ಣದ ಪುಡಿ ಉದುರಿಸಿದಂತೆ ಬಿಳಿ ಚುಕ್ಕೆಗಳು ಏಳುತ್ತವೆ. ಅವನ್ನು ರೋಗಾಣು ಬೆಳೆಸಿದ ಇನ್ನೊಂದು ತಟ್ಟೆಗೆ ಇಟ್ಟಾಗ ಸುತ್ತ ಏನೂ ಬೆಳೆಯದ ಉಂಗುರ ಮೂಡಿತೆಂದರೆ, ಅಲ್ಲೊಂದು ಮಾರಕ ವಸ್ತು ಇದೆ ಎಂದರ್ಥ. ಆದರೆ ದಶಕಗಟ್ಟಲೆ ಹೀಗೇ ಹುಡುಕಿದಾಗ ಮತ್ತೆ ಮತ್ತೆ ಸಿಕ್ಕಿದ್ದು ಹಳೆಯವೇ. ಕಂಪನಿಗಳು ಒಂದೊಂದಾಗಿ ಕೈಬಿಟ್ಟವು.

ಮಣ್ಣು ಬರಿದಾಗಿರಲಿಲ್ಲ ಎಂಬುದು 2002ರಲ್ಲಿ ಗೊತ್ತಾಯಿತು. ಸ್ಟ್ರೆಪ್ಟೊಮೈಸಿಸ್ ಸೀಲಿಕಲರ್ ಎಂಬ ಬ್ಯಾಕ್ಟೀರಿಯಾದ ಪೂರ್ತಿ ಡಿಎನ್‌ಎ ಓದಿದಾಗ, ಇಂಥ ವಿಶೇಷ ವಸ್ತುಗಳನ್ನು ತಯಾರಿಸುವ 20ಕ್ಕೂ ಹೆಚ್ಚು ಜೀನ್ ಗುಂಪುಗಳು ಕಂಡವು. ಅಲ್ಲಿಯವರೆಗೆ ಅದರಿಂದ ಸಿಕ್ಕಿದ್ದ ಆ್ಯಂಟಿಬಯಾಟಿಕ್‌ಗಳು ಬೆರಳೆಣಿಕೆಯಷ್ಟೇ. ಉಳಿದ ಜೀನ್‌ಗಳು ಪ್ರಯೋಗಾಲಯದಲ್ಲಿ ಸುಮ್ಮನಿರುತ್ತವೆ. ಹೊಟ್ಟೆತುಂಬ ಆಹಾರವಿದ್ದು, ಎದುರಾಳಿ ಯಾರೂ ಇಲ್ಲದಾಗ ಬ್ಯಾಕ್ಟೀರಿಯಾ ವಿಷ ತಯಾರಿಸಲು ಶಕ್ತಿ ವ್ಯಯಿಸುವುದಾದರೂ ಯಾಕೆ?

ಈಗ ವಿಜ್ಞಾನಿಗಳು ಮೊದಲು ಜೀನ್ ಓದಿ, ಆಮೇಲೆ ವಸ್ತು ಹುಡುಕುತ್ತಾರೆ. ಪಕ್ಕದಲ್ಲಿ ಎದುರಾಳಿ ಬ್ಯಾಕ್ಟೀರಿಯಾ ಬೆಳೆಸಿ ಕೆಣಕುತ್ತಾರೆ, ಆಹಾರ, ಉಪ್ಪಿನಂಶ ಬದಲಿಸುತ್ತಾರೆ, ಇಲ್ಲವೇ ಆ ಜೀನ್‌ಗಳನ್ನು ಬೆಳೆಸಲು ಸುಲಭವಾದ ಬೇರೊಂದು ಬ್ಯಾಕ್ಟೀರಿಯಾಕ್ಕೆ ಸೇರಿಸುತ್ತಾರೆ. ತನ್ನ ವಿಷಕ್ಕೆ ತಾನೇ ಸಾಯದಂತೆ ಬ್ಯಾಕ್ಟೀರಿಯಾ ರಕ್ಷಣೆಯ ಜೀನನ್ನೂ ಇಟ್ಟುಕೊಂಡಿರುತ್ತದೆ. ಹಲವು ಸಲ ಅದೇ ಪತ್ತೆಗೆ ಸುಳಿವು.

ಇನ್ನು ತಟ್ಟೆಯಲ್ಲಿ ಬೆಳೆಯಲೇ ಒಪ್ಪದವು. ಮಣ್ಣಿನ ಬ್ಯಾಕ್ಟೀರಿಯಾಗಳಲ್ಲಿ ಇಂಥವೇ ಬಹುಪಾಲು. ಅವನ್ನು ಸೂಕ್ಷ್ಮ ಗುಂಡಿಗಳಿರುವ ಐಚಿಪ್ ಎಂಬ ಬಿಲ್ಲೆಯಲ್ಲಿಟ್ಟು, ಪೊರೆ ಹೊದಿಸಿ, ಮಣ್ಣಿನಲ್ಲೇ ಹೂತು ಬೆಳೆಸುವ ಉಪಾಯ ಫಲಿಸಿತು. ಅಮೆರಿಕದ ಮೇನ್ ರಾಜ್ಯದ ಹುಲ್ಲುಗಾವಲ ಮಣ್ಣಿನಿಂದ 2015ರಲ್ಲಿ ಟೀಕ್ಸೊಬ್ಯಾಕ್ಟಿನ್ ಸಿಕ್ಕಿದ್ದು ಹೀಗೆ. ಕೆನಡಾದ ಮ್ಯಾಕ್‌ಮಾಸ್ಟರ್ ವಿಶ್ವವಿದ್ಯಾಲಯದವರು ಮನೆಯಂಗಳದ ಮಣ್ಣಿನ ಬ್ಯಾಕ್ಟೀರಿಯಾಗಳನ್ನು ಸುಮಾರು ಒಂದು ವರ್ಷ ನಿಧಾನವಾಗಿ ಬೆಳೆಯಲು ಬಿಟ್ಟರು. ಅದರ ಫಲವೇ 2025ರಲ್ಲಿ ಪ್ರಕಟವಾದ ಲ್ಯಾರಿಯೊಸಿಡಿನ್.

ಉಬ್ಬರ–ಇಳಿತಕ್ಕೆ ದಿನವೂ ಉಪ್ಪು, ಸಿಹಿನೀರು ಎರಡನ್ನೂ ಕಾಣುವ, ಗಾಳಿಯಾಡದ ಕಾಂಡ್ಲದ ಕೆಸರು ಇಂಥ ಹುಡುಕಾಟಕ್ಕೆ ಒಳ್ಳೆಯ ಜಾಗವೇ. ಆದರೆ ರೋಗಾಣು ಕೊಲ್ಲುವುದೆಲ್ಲ ಔಷಧವಾಗದು. ನಮ್ಮ ಜೀವಕೋಶಗಳನ್ನು ಅದು ಉಳಿಸಬೇಕು, ರಕ್ತದಲ್ಲಿ ಸಾಕಷ್ಟು ಹೊತ್ತು ನಿಲ್ಲಬೇಕು. ಟೀಕ್ಸೊಬ್ಯಾಕ್ಟಿನ್ ಪತ್ತೆಯಾಗಿ ದಶಕ ಕಳೆದರೂ ಔಷಧದಂಗಡಿಗೆ ಬಂದಿಲ್ಲ. ಹಾಗಾಗಿ ಮಗಳಿಗೆ ಇದನ್ನೂ ಹೇಳಿಡಿ: ಕಾಲಿಗೆ ಗಾಯವಾದರೆ ಮದ್ದೆಂದು ಕೆಸರು ಮೆತ್ತಬಾರದು. ಧನುರ್ವಾಯು ತರುವ ಬ್ಯಾಕ್ಟೀರಿಯಾ ಇರುವುದೂ ಮಣ್ಣಿನಲ್ಲೇ.