ವಾಕ್ಯಾರ್ಥವಿಚಾರವೂ ದೂರಯಂತ್ರಕ್ಕೆ ನೀಡುವ ಆಜ್ಞೆಯೂ

ಪದಗಳನ್ನು ಒಂದೆಡೆ ಇರಿಸಿದ ಮಾತ್ರಕ್ಕೆ ವಾಕ್ಯವಾಗದು. ಆಕಾಂಕ್ಷೆ, ಯೋಗ್ಯತೆ, ಸನ್ನಿಧಿ ಎಂಬ ಮೂರೂ ಕೂಡಿದಲ್ಲಿಯೇ ವಾಕ್ಯಾರ್ಥಜ್ಞಾನವು ಉಂಟಾಗುವುದೆಂಬುದನ್ನು ಅನ್ನಂಭಟ್ಟನ ‘ತರ್ಕಸಂಗ್ರಹ’ವನ್ನು ಓದಿದವರು ಬಲ್ಲರು. ಈ ಪಾಠವನ್ನು ಬಹುಕಾಲ ಹೇಳಿದ ನನಗೆ ಅದರ ಹೊಸದೊಂದು ಉಪಯೋಗವು ಗಣಕಯಂತ್ರದ ಮುಂದೆ ಗೋಚರಿಸಿತು.

ನಮ್ಮ ಶಾಲೆಯ ಹಳೆಯ ವಿದ್ಯಾರ್ಥಿಯೊಬ್ಬನು ಮಕ್ಕಳಿಗಾಗಿ ಒತ್ತಕ್ಷರಗಳ ಪಾಠವನ್ನು ಮೊಬೈಲ್ ಫೋನಿಗೆ ಅಳವಡಿಸುತ್ತ, ಅಕ್ಷರಶುದ್ಧಿಯನ್ನು ನೋಡಿಕೊಡಬೇಕೆಂದು ನನ್ನನ್ನು ಕೇಳಿದನು. ‘ಧರ್ಮ’ ಎಂಬಲ್ಲಿ ರಕಾರವನ್ನು ಮಕಾರಕ್ಕಿಂತ ಮೊದಲು ಉಚ್ಚರಿಸುತ್ತೇವೆ. ಅರ್ಕಾವತ್ತನ್ನಾದರೋ ಕೊನೆಯಲ್ಲಿ ಬರೆಯುತ್ತೇವೆ. ಯೂನಿಕೋಡಿನಲ್ಲಿ ಅಕ್ಷರಗಳು ಉಚ್ಚಾರಣೆಯ ಕ್ರಮದಲ್ಲಿಯೇ ಸಂಗ್ರಹವಾಗುತ್ತವೆ. ಅವನ್ನು ಬರವಣಿಗೆಯ ಕ್ರಮಕ್ಕೆ ತರುವುದು ಫೋನಿನೊಳಗಿನ ತಂತ್ರಾಂಶ ಮತ್ತು ಫಾಂಟುಗಳ ಕೆಲಸ. ಆದುದರಿಂದ ಆಂಡ್ರಾಯ್ಡಿನ ಬೇರೆ ಬೇರೆ ಆವೃತ್ತಿಗಳಲ್ಲಿ, ಬೇರೆ ಬೇರೆ ಅಳತೆಯ ಪರದೆಗಳಲ್ಲಿ ಪರೀಕ್ಷಿಸಿ ನೋಡಬೇಕಾಗುತ್ತದೆ.

ಅಷ್ಟೊಂದು ಫೋನುಗಳನ್ನು ಕೊಳ್ಳುವುದು ಯಾರಿಗೆ ಸಾಧ್ಯ? ಇದಕ್ಕಾಗಿಯೇ ಎಮ್ಯುಲೇಟರ್ ಇದೆ. ಅದು ಗಣಕದೊಳಗೆ ತಂತ್ರಾಂಶದಿಂದಲೇ ನಿರ್ಮಿತವಾದ ಫೋನು. ದೂರದ ಕ್ಲೌಡಿನಲ್ಲಿ ಇಂತಹವನ್ನು ಬಾಡಿಗೆಗೆ ಪಡೆದು, ಎಪಿಐ ಎಂಬ ಸಂಪರ್ಕದ್ವಾರದ ಮೂಲಕ ಆಜ್ಞೆಗಳನ್ನು ಕಳುಹಿಸಬಹುದು. ನಮ್ಮ ವಿದ್ಯಾರ್ಥಿಯು ಆಜ್ಞೆಗಳನ್ನು ಬರೆದದ್ದು ಟೈಪ್‌ಸ್ಕ್ರಿಪ್ಟ್ ಎಂಬ ಭಾಷೆಯಲ್ಲಿ. ಮೈಕ್ರೋಸಾಫ್ಟ್ ಸಂಸ್ಥೆಯು ಇದನ್ನು 2012ರಲ್ಲಿ ಪ್ರಕಟಿಸಿತು. ಪ್ರತಿಯೊಂದು ಪದಾರ್ಥವೂ ಯಾವ ಜಾತಿಯದೆಂದು ಮೊದಲೇ ಗೊತ್ತುಮಾಡುವುದು ಇದರ ವಿಶೇಷ.

‘ಬೆಂಕಿಯಿಂದ ತೋಯಿಸು’ ಎಂಬಲ್ಲಿ ವ್ಯಾಕರಣದೋಷವಿಲ್ಲ, ಯೋಗ್ಯತೆಯಿಲ್ಲ. ಪರದೆಯ ಅಗಲಕ್ಕೆ ಸಂಖ್ಯೆಯಿರಬೇಕಾದೆಡೆ ಹೆಸರನ್ನು ಬರೆದರೆ ಅದೇ ದೋಷ. ಆಂಡ್ರಾಯ್ಡಿನ ಆವೃತ್ತಿಯನ್ನೇ ಹೇಳದೆ ಬಿಟ್ಟರೆ ಆಕಾಂಕ್ಷೆಯು ತೀರದು. ಇವೆರಡನ್ನೂ ಆಜ್ಞೆಯು ಹೊರಡುವ ಮೊದಲೇ, ಬರೆಯುತ್ತಿರುವಾಗಲೇ, ಕೆಂಪುಗೆರೆಯೆಳೆದು ಆ ಭಾಷೆಯು ತೋರಿಸುತ್ತದೆ. ನನ್ನ ಗುರುಗಳೂ ಹೀಗೆಯೇ ತಿದ್ದುತ್ತಿದ್ದರು, ಬಾಯಿಂದ ವಾಕ್ಯವು ಪೂರ್ತಿ ಹೊರಡುವ ಮುನ್ನವೇ!

ಆದರೆ ಮೂರನೆಯದಾದ ಸನ್ನಿಧಿಯನ್ನು ಅದು ಕಾಯಲಾರದು. ಸನ್ನಿಧಿಯೆಂದರೆ ಪದಗಳು ವಿಳಂಬವಿಲ್ಲದೆ, ತಕ್ಕ ಕಾಲದಲ್ಲಿ ಕೂಡುವುದು. ‘ಫೋನು ಸೃಷ್ಟಿಯಾಯಿತು’ ಎಂಬ ಉತ್ತರ ಬಂದೊಡನೆಯೇ ವಿದ್ಯಾರ್ಥಿಯು ಪರದೆಯ ಚಿತ್ರವನ್ನು ಕೇಳಿದನು; ಬರಿಯ ಕಪ್ಪು ಚಿತ್ರ ಬಂದಿತು. ಫಾಂಟಿನ ದೋಷವೆಂದು ಅರ್ಧ ದಿನ ಹುಡುಕಿದೆವು. ಫೋನು ಹುಟ್ಟಿತ್ತು, ಎಚ್ಚರಗೊಂಡಿರಲಿಲ್ಲ! ಆಂಡ್ರಾಯ್ಡ್ ಪೂರ್ಣವಾಗಿ ಎದ್ದ ಮೇಲೆ ‘ಬೂಟ್ ಕಂಪ್ಲೀಟೆಡ್’ ಎಂಬ ಗುಣದ ಬೆಲೆಯು 1 ಆಗುತ್ತದೆ. ಅದನ್ನು ಮತ್ತೆ ಮತ್ತೆ ವಿಚಾರಿಸಿ, ಒಂದು ಅವಧಿಯವರೆಗೆ ಕಾದು, ಅನಂತರವೇ ಮುಂದಿನ ಆಜ್ಞೆಯನ್ನು ಕೊಡಬೇಕು.

ಇನ್ನೊಂದು ಮಾತು. ಟೈಪ್‌ಸ್ಕ್ರಿಪ್ಟು ಜಾವಾಸ್ಕ್ರಿಪ್ಟಾಗಿ ಪರಿವರ್ತಿತವಾದಾಗ ಈ ಜಾತಿನಿರ್ದೇಶಗಳೆಲ್ಲ ಅಳಿಸಿಹೋಗುತ್ತವೆ. ಆದುದರಿಂದ ದೂರದಿಂದ ಬಂದ ಉತ್ತರವು ಆಪ್ತವಾಕ್ಯವೇ ಎಂಬುದನ್ನು ಬಂದ ಮೇಲೆ ಪುನಃ ಪರೀಕ್ಷಿಸಬೇಕು.

ಬಾಡಿಗೆಯ ವಿಷಯವನ್ನು ಹೇಳದಿರಲಾಗದು. ಪರೀಕ್ಷೆಯು ನಡುವೆ ಮುರಿದುಬಿದ್ದ ಒಂದು ಸಂಜೆ ಫೋನುಗಳನ್ನು ಮುಚ್ಚುವ ಆಜ್ಞೆಯು ಹೊರಡಲೇ ಇಲ್ಲ. ರಾತ್ರಿಯಿಡೀ ಅವು ನಡೆದೇ ಇದ್ದುವು. ತೆತ್ತದ್ದು ದಾನಿಗಳು ಕೊಟ್ಟ ಹಣ. ಈಗ ಆ ಆಜ್ಞೆಯನ್ನು ‘ಫೈನಲಿ’ ಎಂಬ ಭಾಗದಲ್ಲಿ ಬರೆದಿದ್ದಾನೆ. ನಡುವೆ ದೋಷವುಂಟಾದರೂ ಆ ಭಾಗವು ನಡೆಯುತ್ತದೆ.

ಇಷ್ಟಾದರೂ ಎಮ್ಯುಲೇಟರ್ ತದ್ರೂಪವೇ ಹೊರತು ಮೂಲವಲ್ಲ. ತಯಾರಕರು ತಮ್ಮ ಫೋನುಗಳಲ್ಲಿ ಫಾಂಟನ್ನು ಬದಲಿಸಿರುವುದುಂಟು. ಆದ ಕಾರಣ ಸಹೋದ್ಯೋಗಿಗಳ ಮೂರು ಹಳೆಯ ಫೋನುಗಳನ್ನು ತರಿಸಿ, ‘ಧರ್ಮ’, ‘ಸೂರ್ಯ’, ‘ವರ್ಷ’ ಎಂಬ ಪದಗಳನ್ನು ಕಣ್ಣಾರೆ ಕಂಡ ಮೇಲೆಯೇ ನಾನು ಪಾಠಕ್ಕೆ ಒಪ್ಪಿಗೆಯಿತ್ತೆನು.